ಹುಬ್ಬಿನ ವ್ಯಾಕರಣ

ಉಡುಪಿಯವರಿಗೆ ಭಾಷೆಯ ಬರವಿಲ್ಲ. ಮನೆಯೊಳಗೆ ತುಳು, ಬೇಲಿಯಾಚೆ ಕೊಂಕಣಿ, ಪೇಟೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಮಣಿಪಾಲಕ್ಕೆ ಹೋದರೆ ದೇಶದಲ್ಲಿ ಉಳಿದ ಎಲ್ಲವೂ. ಇಷ್ಟು ಸಾಲದೆಂದು ನಾನು ಭಾರತೀಯ ಸಂಜ್ಞಾ ಭಾಷೆಗೂ ಕೈಹಾಕಿದೆ. ಕಾಪುವಿನಲ್ಲಿ ಭಾವನ ಅಂಗಡಿಗೆ ಬರುವ ಕಿವುಡ ಹುಡುಗನೊಡನೆ ಪಟ್ಟಾಂಗ ಹೊಡೆಯುವ ಆಸೆ. 2018ರಲ್ಲಿ 3,000 ಪದಗಳಿದ್ದ ದೆಹಲಿಯ ಸಂಜ್ಞಾ ಭಾಷಾ ಕೇಂದ್ರದ ನಿಘಂಟು 2021ಕ್ಕೆ 10,000 ಮುಟ್ಟಿದೆ, ಯೂಟ್ಯೂಬಿನಲ್ಲಿ ಪುಕ್ಕಟೆ. ಪುಕ್ಕಟೆ ಎಂದ ಮೇಲೆ ನಾನು ಬಿಡುವವನೇ?

ಕೈ ಬೇಗ ಪಳಗಿತು, ಮುಖ ಪಳಗಲಿಲ್ಲ. ಈ ಭಾಷೆಯಲ್ಲಿ ಮುಖವೂ ವ್ಯಾಕರಣ. 'ಊಟ ಆಯ್ತು' ಎಂಬುದು 'ಊಟ ಆಯ್ತಾ?' ಆಗಬೇಕಾದರೆ ಹುಬ್ಬು ಏರಬೇಕು. ಕಾರ್ಕಳದ ಸಂಜೆ ಬಸ್ಸಿನ ಕಿಟಕಿ ಗಾಜು ನೋಡಿಕೊಂಡು ಏರಿಸತೊಡಗಿದೆ. ಪರ್ಕಳದಲ್ಲಿ ಎದುರಿನ ಹುಡುಗಿ ಸೀಟು ಬದಲಿಸಿದಳು. ಆತ್ರಾಡಿಯಲ್ಲಿ ಕಂಡಕ್ಟರ್ ಸೀಟಿ ಕಚ್ಚಿಕೊಂಡೇ ನಿಂತ. ಪಕ್ಕದ ಅಜ್ಜಿ ನನ್ನ ಮೊಣಕೈ ಹಿಡಿದು, "ದಾದ ಆಂಡ್ ಮಗಾ?" ಎಂದರು. ಅಭ್ಯಾಸದ ವೇಳೆ ಬಾಯಿ ಬಿಡಬಾರದೆಂಬುದು ನನ್ನ ವ್ರತ. ಏನಿಲ್ಲವೆಂದು ಕೈಯಾಡಿಸಿದೆ. ಮಾತೂ ಹೋಯಿತೆಂದು ಬಸ್ಸೇ ತೀರ್ಮಾನಿಸಿತು. ಒಬ್ಬರು ವಾಯು ಎಂದರು, ಇನ್ನೊಬ್ಬರು ಮಿದುಳು, ಹಿಂದಿನ ಸೀಟಿನವರು ನಾಗದೋಷ. "ಮಣಿಪಾಲದ ಆಸ್ಪತ್ರೆ ದಾಟಿ ಆಯ್ತಲ್ಲ, ಬಸ್ಸು ತಿರುಗಿಸಿ!" ಎಂದು ಅಜ್ಜಿ ಎದ್ದೇ ನಿಂತಾಗ ವ್ರತ ಮುರಿದೆ: "ನಂಗೇನೂ ಆಗ್ಲಿಲ್ಲ ಮಾರಾಯ್ರೆ, ಊಟ ಆಯ್ತಾ ಅಂತ ಕೇಳಿದ್ದು!"

"ಯಾರತ್ರ?" ಅಜ್ಜಿ ಗಾಜಿನಾಚೆಯ ಕತ್ತಲನ್ನು ಇಣುಕಿದರು.

ಬಯಲಾಟದಲ್ಲಿ ವೇಷಧಾರಿ ರಾತ್ರಿಯಿಡೀ ಹುಬ್ಬು ಕುಣಿಸಿದರೆ ಚಪ್ಪಾಳೆ, ಬಸ್ಸಿನಲ್ಲಿ ನಾನು ಕುಣಿಸಿದರೆ ಆಸ್ಪತ್ರೆ!

ಕಾಪುವಿನ ಹುಡುಗ ಇದನ್ನು 'ಕೇಳಿ' ಹೊಟ್ಟೆ ಹಿಡಿದು ನಕ್ಕ. ಆಮೇಲೆ ಅವನು ಹೇಳಿದ್ದಿಷ್ಟು: ನಿನಗೆ ಒಂದು ಸಂಜೆ, ನನಗೆ ದಿನವೂ. ಕೌಂಟರಿನಲ್ಲಿ ಕೂತವರು ಅವನ ಮುಖ ನೋಡದೆ ಜೊತೆಗಿದ್ದವರನ್ನು ವಿಚಾರಿಸುತ್ತಾರೆ. ಕೇಳದವನಿಗೆ ಇನ್ನಷ್ಟು ಜೋರಾಗಿ ಕಿರುಚುತ್ತಾರೆ, ಕೊನೆಗೆ 'ಪಾಪ' ಎಂದು ಕೈತೊಳೆದುಕೊಳ್ಳುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸಂಜ್ಞಾ ಭಾಷೆಯ ಹೆಸರಿದೆ, ಕೌಂಟರಿನವರ ಕೈಯಲ್ಲಿ ಮಾತ್ರ ಅದಿಲ್ಲ.

ಇಷ್ಟೊಂದು ಭಾಷೆ ಅರಗಿಸಿಕೊಂಡ ಊರಿಗೆ ಇನ್ನೊಂದು ಭಾರವೇ? ಹತ್ತು ಸನ್ನೆ ಕಲಿಯಿರಿ. ಅಷ್ಟೂ ಆಗದಿದ್ದರೆ, ಮಾತಾಡುವಾಗ ಅವರ ಮುಖವನ್ನಾದರೂ ನೋಡಿ. ಹುಬ್ಬಿನ ಅಭ್ಯಾಸ ಮಾತ್ರ ಮನೆಯಲ್ಲೇ ಮಾಡಿಕೊಳ್ಳಿ.