ಮುದಿನಾಯಿ ಏಳುವ ಬಗೆ: ಒಂದು ಹಡಗಲಿ ಮೀಮಾಂಸೆ

ಶ್ವಾನಶಾಸ್ತ್ರದಲ್ಲಿ ಓಡುವ ನಾಯಿಗೆ ಸಂದ ಮರ್ಯಾದೆ ಮಲಗಿದ ನಾಯಿಗೆ ಸಂದಿಲ್ಲ. ಆತಕೂರಿನ ಶಾಸನವನ್ನೇ ನೋಡಿ. ಕ್ರಿ.ಶ. 949ರ ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ ಬೇಕಾದ್ದು ಕೇಳೆಂದರೆ, ಆ ಪುಣ್ಯಾತ್ಮ ಕೇಳಿದ್ದು ಕಾಳಿಯೆಂಬ ನಾಯಿಯನ್ನು. ಕಾಳಿ ಹಂದಿಯೊಡನೆ ಕಾದಿತು, ಎರಡೂ ಸತ್ತವು, ಕಲ್ಲು ನಿಂತಿತು. ಈಗದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಹಂದಿ ಅಡ್ಡ ಬರದಿದ್ದರೆ ಕಾಳಿಗೂ ಒಂದು ದಿನ ಸೊಂಟ ಹಿಡಿದುಕೊಳ್ಳುತ್ತಿತ್ತಲ್ಲ? ಈ ವಿಷಯದಲ್ಲಿ ಶಾಸನಕಾರ ಮೌನಿ. 2005ರಲ್ಲಿ ಅಂಚೆಚೀಟಿಯೇರಿದ ಮುಧೋಳ ನಾಯಿಯೂ ಗಟ್ಟಿಯಾಗಿ ನಿಂತೇ ಇದೆ.

ಈ ಲೋಪವನ್ನು ತುಂಬಲು ಹೂವಿನಹಡಗಲಿಯ ಒಂದು ಪಡಸಾಲೆಯಲ್ಲಿ ಬಿದ್ದುಕೊಂಡಿರುವ ಕರಿಯನನ್ನು ಆರಿಸಿಕೊಳ್ಳಲಾಗಿದೆ. ತಳಿ: ಕಂತ್ರಿ. ವಯಸ್ಸು: 'ಸಣ್ಣಾಕಿ ಹುಟ್ಟಿದ ವರ್ಸದ್ದು'. ಸಣ್ಣಾಕಿ ಈಗ ಕಾಲೇಜಿಗೆ ಹೊರಟಿದ್ದಾಳೆ.

ವಿದ್ಯಮಾನ ಹೀಗಿದೆ. ಮೊದಲು ತಲೆ ಏಳುತ್ತದೆ. ಆಮೇಲೆ ಮುಂಗಾಲೂರಿ ಎದೆ. ಇಲ್ಲೊಂದು ವಿರಾಮ, ಹಿಂಭಾಗದ ಸದಸ್ಯರು ಇನ್ನೂ ಸಭೆಗೆ ಬಂದಿಲ್ಲ. ಉಗುರು ಟೈಲ್ಸ್ ಮೇಲೆ ಪರಪರ ಕೆರೆದು ಜಾರುತ್ತದೆ, ತೊಡೆ ಗಡಗಡ ನಡುಗುತ್ತದೆ, ಕೊನೆಗೊಂದು 'ಹ್ಞೂಂ'.

ಈ ತಾಲೂಕಿನವರಿಗೆ ಇದು ಅಪರಿಚಿತ ದೃಶ್ಯವೇನಲ್ಲ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ 'ಸದ್ದಲೇ' ಎಂದರೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಸಾಲಿನ ಕಾರಣಿಕವೆಂಬ ಭವಿಷ್ಯವಾಣಿ ನುಡಿದು ಆತ ಕೆಳಗೆ ಬಿದ್ದ ಮೇಲೆ ಅರ್ಥ ಹಚ್ಚುವುದು ನೆರೆದವರ ಪಾಲು: ರೈತನಿಗೆ ಅದು ಮಳೆ, ರಾಜಕಾರಣಿಗೆ ಕುರ್ಚಿ. ಕರಿಯನ 'ಹ್ಞೂಂ'ಗೂ ಹೀಗೇ ಭಾಷ್ಯಗಳು ಹುಟ್ಟಿವೆ.

ಸೊಕ್ಕುವಾದದ ಪ್ರವರ್ತಕರು ಮನೆಯ ಯಜಮಾನರು. "ಉಂಡುಂಡು ಸೊಕ್ಕು ಬಂದೈತ್ರಿ. ರೊಟ್ಟಿ ತೋರ್ಸ್ರಿ, ಹೆಂಗ ಏಳತೈತಿ ನೋಡ್ರಿ." ರೊಟ್ಟಿಗೆ ಕರಿಯ ಏಳುತ್ತಾನೆಂಬುದು ನಿರ್ವಿವಾದ. ಆದರೆ ಎಲೆ ಹಾಕಿದ್ದಾರೆಂದರೆ ಮಂಡಿನೋವಿನ ಯಜಮಾನರೂ ಏಳುತ್ತಾರೆ. ಆದ್ದರಿಂದ ಈ ಹೇತು ಹೇತ್ವಾಭಾಸ.

ಅಜ್ಜಿಯದು ವಯೋವಾದ: "ವಯಸ್ಸಾತಪ ಅದ್ಕ, ನನಗಾಗಿಲ್ಲೇನು?" ಹೀಗೆನ್ನುವಾಗ ಅವರ ಕೈ ತಮ್ಮ ಮಂಡಿಗೆ ಮುಲಾಮು ತಿಕ್ಕುತ್ತಿತ್ತೆಂಬುದನ್ನು ಸಂಶೋಧಕರು ಗುರುತು ಹಾಕಿಕೊಂಡಿದ್ದಾರೆ.

ಮೂರನೆಯದು ಪಶುವೈದ್ಯರ ಕೀಲುವಾದ. ಇದರಲ್ಲಿ ಅಲಂಕಾರ ಕಡಿಮೆ. ಕೀಲಿನ ಮೃದ್ವಸ್ಥಿ ಸವೆದು ಉರಿಯೂತವಾಗುತ್ತದೆ. ನೋವಿಗಂಜಿ ಆಡಿಸದ ಕಾಲಿನ ಮಾಂಸ ಸೊರಗುತ್ತದೆ, ಸೊರಗಿದ ಮಾಂಸ ಕೀಲನ್ನು ಹಿಡಿದಿಡಲಾರದು, ನೋವು ಇನ್ನೂ ಏರುತ್ತದೆ. ನಿಂತ ನಾಯಿಯ ಭಾರದಲ್ಲಿ ಶೇ. 60ರಷ್ಟು ಮುಂಗಾಲುಗಳ ಪಾಲು. ಹಿಂದೆ ನೋವಾದರೆ ಅದು ಇನ್ನಷ್ಟು ಮುಂದಕ್ಕೆ ವಾಲುತ್ತದೆ. ಕುಂಯ್ಗುಟ್ಟಲಿಲ್ಲ, ಹಾಗಾಗಿ ನೋವಿಲ್ಲ ಎನ್ನುವಂತಿಲ್ಲ. ಕಟ್ಟೆ ಹತ್ತುವುದನ್ನು ಬಿಟ್ಟದ್ದೇ ಅದರ ದೂರು. ಪಾದ ಮಡಚಿ ನೆಲಕ್ಕೆ ಎಳೆಯುತ್ತಿದ್ದರೆ ಮಾತ್ರ ಕೀಲನ್ನಷ್ಟೇ ದೂರಬಾರದು, ಬೆನ್ನುಹುರಿಯ ತೊಂದರೆಯೂ ಇರಬಹುದು, ತಡಮಾಡದೆ ತೋರಿಸಬೇಕು.

ಚಿಕಿತ್ಸೆ ನಾಚಿಕೆಯಾಗುವಷ್ಟು ಸರಳ: ಮೈ ಇಳಿಸುವುದು, ಉಗುರು ಕತ್ತರಿಸುವುದು, ದಿನಾ ಸ್ವಲ್ಪ ಸ್ವಲ್ಪ ನಡೆಸುವುದು, ವೈದ್ಯರು ನಾಯಿಗೆಂದೇ ಬರೆದ ನೋವಿನ ಗುಳಿಗೆ. (ಯಜಮಾನರ ಡಬ್ಬಿಯ ಐಬುಪ್ರೊಫೇನ್ ಕೊಟ್ಟರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಕುತ್ತು. ಇಲ್ಲಿ ಅಣಕವಿಲ್ಲ.) ಜೊತೆಗೆ, ಜಾರುವ ನೆಲಕ್ಕೊಂದು ಗೋಣಿಚೀಲ.

ಗೋಣಿಚೀಲದ ಪ್ರಸ್ತಾಪಕ್ಕೆ ಸೊಸೆಯ ತಕರಾರು ಬಂತು: "ಸಾಲ ಮಾಡಿ ಟೈಲ್ಸ್ ಹಾಕ್ಸಿದ್ದು ಚೀಲ ಹಾಸಾಕೇನ್ರಿ ಮಾವಾರ?" ಇದೇ ತಾಲೂಕಿನ ಮೈಲಾರದಲ್ಲಿ ಗೊರವರು ದೇವರ ನಾಯಿಗಳಾಗಿ ಬೊಗಳುತ್ತ ದೋಣಿಯೆಂಬ ಪಾತ್ರೆಗೆ ಬಾಯಿಟ್ಟು ಉಂಡರೆ ಅದು ಸೇವೆ; ಅದಕ್ಕೆ ಕೈಮುಗಿಯುವ ಮನೆಯಲ್ಲಿ ಹುಟ್ಟಾ ನಾಯಿಗೆ ಹಾಸಲೊಂದು ಚೀಲವೆಂದರೆ ಚರ್ಚೆ. ಧರ್ಮಶಾಸ್ತ್ರಜ್ಞರು ಗಮನಿಸಲಿ.

ಕೊನೆಗೂ ಚೀಲ ಹಾಸಲಾಯಿತು. ಟೈಲ್ಸ್ ಥಂಡಿಯೆಂದು ಸದ್ಯ ಅದರ ಮೇಲೆ ಅಜ್ಜಿ ಕೂತಿದ್ದಾರೆ. ಎರಡನೆಯ ಚೀಲಕ್ಕೆ ಯಜಮಾನರ ಮಂಜೂರಾತಿ ಬಾಕಿ ಇದೆ.