ರೋಜಾ ಪರ್ವತಮೀಮಾಂಸೆ

ಈ ಗ್ರಂಥಕ್ಕೆ ವಿಷಯ ಒಂದು ಜೋಡಿ. ಗಂಡ ಕಲಬುರಗಿಯ ರೋಜಾದವನು, ಮಾಳಗಿ ಏರಿದರೆ ಖ್ವಾಜಾ ಬಂದಾನವಾಜರ ದರ್ಗಾದ ಗುಮ್ಮಟ ಕಾಣುವ ಮನೆಯವನು. ಹೆಂಡತಿ ಕಮಲಾಪುರದ ಕೆಂಪು ಬಾಳೆ ತೋಟದವಳು. ಇಬ್ಬರೂ ಜ್ಯೂರಿಕ್‌ನಲ್ಲಿ ನೌಕರಿ ಮಾಡುತ್ತಾರೆ. ವಾರವೆಲ್ಲ ಕುರ್ಚಿಯಲ್ಲಿ ಕೂತು ಬೆಳೆಸಿದ್ದನ್ನು ಶನಿವಾರ, ಭಾನುವಾರ ಗುಡ್ಡ ಹತ್ತಿ, ಓಡಿ ಕರಗಿಸುತ್ತಾರೆ. ಇಂಥ ಜೋಡಿ ಈಗ ಓಣಿಗೊಂದು ಇರುವುದರಿಂದ ಇವರನ್ನು ವ್ಯಕ್ತಿಗಳೆನ್ನದೆ ಪ್ರಭೇದವೆಂದು ಗ್ರಹಿಸತಕ್ಕದ್ದು.

ಪೂರ್ವಪಕ್ಷದವರ ಆಕ್ಷೇಪ ಹೀಗಿದೆ: ತೊಗರಿ ಹೊಲದಂತೆ ಚಪ್ಪಟೆಯಾದ ನಾಡಿನವರಿಗೆ ಬೆಟ್ಟ ಹತ್ತುವ ಅಧಿಕಾರ ಎಲ್ಲಿಂದ ಬಂತು? ತಾರ್ಕಿಕರು ಬೆಟ್ಟವನ್ನು ಮೊದಲೇ ಒಪ್ಪಿಕೊಂಡು, ಹೊಗೆಯ ಬಲದಿಂದ ಅಲ್ಲಿ ಬೆಂಕಿಯಿದೆಯೆಂದು ಸಾಧಿಸುತ್ತಾರೆ. ಕಲಬುರಗಿಯಲ್ಲಿ ಬೆಂಕಿಗೆ ಅನುಮಾನ ಪ್ರಮಾಣ ಬೇಕಿಲ್ಲ, ಮೇ ತಿಂಗಳ 44 ಡಿಗ್ರಿಯಲ್ಲಿ ಅದು ಪ್ರತ್ಯಕ್ಷ. ಸಾಧಿಸಬೇಕಾದದ್ದು ಬೆಟ್ಟವನ್ನೇ. ಅದಕ್ಕೂ ಹೇತು ಸಿಕ್ಕಿದೆ. 2017ರಲ್ಲಿ ಶುರುವಾದ ಬೀದರ್–ಕಲಬುರಗಿ ರೈಲು ಮಾರ್ಗದಲ್ಲಿ, ಕಮಲಾಪುರ ತಾಲ್ಲೂಕಿನ ಮರಗುತ್ತಿಯ ಬಳಿ ಒಂದೂವರೆ ಕಿಲೋಮೀಟರಿಗೂ ಉದ್ದನೆಯ ಸುರಂಗವಿದೆ. ಸುರಂಗವಿದ್ದಲ್ಲಿ ಗುಡ್ಡವಿರಲೇಬೇಕು. ಹೊರಗಿನಿಂದ ಗುಡ್ಡ ಅಷ್ಟಾಗಿ ಕಾಣುವುದಿಲ್ಲವಲ್ಲ ಎಂದರೆ, ಅದು ವಿನಯ.

ಎತ್ತರದ ಲೆಕ್ಕವನ್ನೂ ನೋಡಿಬಿಡೋಣ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 454 ಮೀಟರ್ ಮೇಲಿದೆ, ಜ್ಯೂರಿಕ್ 408. ಮಗ ಫಾರಿನ್ನಿಗೆ ಹೋಗಿ ಮೇಲೆ ಬಂದ ಎಂದು ರೋಜಾದ ಚಹಾದಂಗಡಿಯಲ್ಲಿ ಹೇಳುವುದೆಲ್ಲ ಅಶಾಸ್ತ್ರೀಯ. ಹುಡುಗ 46 ಮೀಟರ್ ಕೆಳಗಿಳಿದಿದ್ದಾನೆ. ವಾರಾಂತ್ಯದಲ್ಲಿ ಅವನು ಗುಡ್ಡ ಹತ್ತುವುದು ಆ ಬಾಕಿ ತೀರಿಸಲಿಕ್ಕೆ ಎಂಬುದು ಒಂದು ಮತ.

ಇನ್ನೊಂದು ಮತ ಕಲ್ಲಿನದು, ಈ ಲೇಖಕನ ಒಲವೂ ಅದರ ಕಡೆಗೇ. ಕಲಬುರಗಿಯ ಹಳೆಯ ಮನೆಗಳ ನೆಲಕ್ಕೆ ಹಾಸಿದ್ದು ಶಹಾಬಾದ್ ಪರಸಿ. ಅದು ಸುಣ್ಣದ ಕಲ್ಲು, ಒಂದು ಕಾಲಕ್ಕೆ ಸಮುದ್ರದ ತಳದ ಕೆಸರು. ಪರ್ವತಾರೋಹಿಗಳು ಹೆಸರು ಕೇಳಿದರೇ ಬೆವರುವ ಐಗರ್ ಶಿಖರದ ಉತ್ತರದ ಗೋಡೆಯೂ ಸುಣ್ಣದ ಕಲ್ಲೇ, ಅದೂ ಸಮುದ್ರದ ತಳವೇ. ವಯಸ್ಸಿನಲ್ಲಿ ನಮ್ಮ ಪರಸಿ ಕೋಟಿಗಟ್ಟಲೆ ವರ್ಷ ಹಿರಿಯದು. ಆದ್ದರಿಂದ ಐಗರ್ ಎಂದರೆ ಎದ್ದು ನಿಂತ ಶಹಾಬಾದ್. ಶಹಾಬಾದ್ ಎಂದರೆ ಊಟವಾದ ಮೇಲೆ ಅಡ್ಡಾದ ಐಗರ್. ಪಡಸಾಲೆಯಲ್ಲಿ ಅಂಬೆಗಾಲಿಟ್ಟ ಪ್ರತಿ ಕೂಸೂ ಆ ಗೋಡೆಯನ್ನು ಹಗ್ಗವಿಲ್ಲದೆ ದಾಟಿದೆ. ಅಧಿಕಾರ ಸಿದ್ಧಿಸಿತು.

ಏರಿದ ಎತ್ತರದ ಒಡೆತನ ಯಾರದು ಎಂಬ ವ್ಯಾಜ್ಯವೂ ಉಂಟು. ಜೊತೆಗೇ ಹೊರಟು ಜೊತೆಗೇ ಇಳಿದರೂ ಗಂಡನ ಕೈಗಡಿಯಾರ ಒಂದು ಅಂಕಿ ತೋರಿಸುತ್ತದೆ, ಹೆಂಡತಿಯದು ಹದಿನೈದು ಮೀಟರ್ ಹೆಚ್ಚು. ಕಲ್ಯಾಣದ ಚಾಲುಕ್ಯರ ಆಸ್ಥಾನದ ವಿಜ್ಞಾನೇಶ್ವರ ಮಿತಾಕ್ಷರೆಯಲ್ಲಿ ಸ್ತ್ರೀಧನವನ್ನು ಬಹಳ ಉದಾರವಾಗಿ ಅರ್ಥೈಸಿದ್ದಾನೆ. ಆ ನ್ಯಾಯದಂತೆ ಮೇಲಿನ ಹದಿನೈದು ಮೀಟರ್ ಅವಳದೇ, ಗಂಡನಿಗೆ ಪಾಲಿಲ್ಲ. ಅವನು ಅಪೀಲು ಹೋಗಿಲ್ಲ.

ಈಗ ಗುಳೆಯ ಪ್ರಕರಣ. ನಮ್ಮ ಕಡೆ ಗುಳೆ ನಾಲ್ಕು ಬಗೆ. ಹೊಲದ ಕೆಲಸ ಮುಗಿದ ಮೇಲೆ ಪಾತ್ರೆಪಗಡ, ಮಕ್ಕಳು ಸಮೇತ ಮುಂಬೈ, ಪುಣೆಗೆ ಹೋಗುವುದು ಒಂದು. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಹೋಗುವುದು ಇನ್ನೊಂದು. ಉದ್ಯಾನ್ ಎಕ್ಸ್‌ಪ್ರೆಸ್ ಇವೆರಡನ್ನೂ ಒಂದೇ ಹಳಿಯ ಮೇಲೆ ಎದುರುಬದುರು ದಿಕ್ಕಿಗೆ ಸಾಗಿಸುತ್ತದೆ. ಮೂರನೆಯದಕ್ಕೆ ವಿಮಾನ ಬೇಕು. ನಾಲ್ಕನೆಯದು, ಹೊಟ್ಟೆ ತುಂಬಿದ ಮೇಲೆ ಚೀಲ ಬೆನ್ನಿಗೇರಿಸಿ ಬೆಟ್ಟಕ್ಕೆ ಹೋಗುವುದು. ಇಂಟರ್‌ಲಾಕೆನ್‌ನಿಂದ ಹೊರಡುವ ಯುಂಗ್‌ಫ್ರೌ ಮ್ಯಾರಥಾನಿನಲ್ಲಿ 42 ಕಿಲೋಮೀಟರಿನ ಜೊತೆಗೆ 1,800 ಮೀಟರಿಗೂ ಹೆಚ್ಚು ಏರು. ಮುಗಿಸಿದವರಿಗೆ ಪದಕ. ಮೊದಲ ಬಗೆಯ ಗುಳೆಯಲ್ಲಿ ಹೋದವಳು ಹತ್ತನೇ ಅಂತಸ್ತಿಗೆ ಉಸುಕಿನ ಬುಟ್ಟಿ ಹೊತ್ತು ಹತ್ತುತ್ತಾಳೆ. ಅಂತಸ್ತಿಗೆ ಮೂರು ಮೀಟರಿನಂತೆ ಅರವತ್ತು ಸಲ ಹತ್ತಿದರೆ ಆ ಏರು ಮುಗಿಯಿತು. ಅವಳ ಮಣಿಕಟ್ಟಿನಲ್ಲಿ ಗಡಿಯಾರವಿಲ್ಲದ್ದರಿಂದ ಅದು ದಾಖಲಾಗಿಲ್ಲ. ದಾಖಲಾಗದ್ದು ಶಾಸ್ತ್ರಕ್ಕೆ ಬರುವುದಿಲ್ಲ, ಶನಿವಾರದ ಬಟವಾಡೆಗೆ ಬರುತ್ತದೆ. ಮುಂದಕ್ಕೆ ಹೋಗೋಣ.

ಯುರೋಪಿನವರು ಓಟವನ್ನು ಬೆಟ್ಟಕ್ಕೆ ಹತ್ತಿಸಿದ್ದು ತಾವೇ ಎಂದುಕೊಂಡಿದ್ದಾರೆ. ಮಾಂಟ್ ಬ್ಲಾಂಕ್ ಸುತ್ತುವ ಸುಮಾರು 170 ಕಿಲೋಮೀಟರಿನ ಓಟ ಶುರುವಾದದ್ದು 2003ರಲ್ಲಿ. ಯುಗಾದಿ ಹತ್ತಿರ ಬಂದರೆ ಉತ್ತರ ಕರ್ನಾಟಕದ ಊರೂರುಗಳಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವುದು ಅದಕ್ಕಿಂತ ಎಷ್ಟೋ ಹಳೆಯದು. ನೂರಾರು ಕಿಲೋಮೀಟರ್, ಕೊನೆಗೆ ನಲ್ಲಮಲದ ಕಾಡು, ಭೀಮನ ಕೊಳ್ಳ, ಕೈಲಾಸ ಬಾಗಿಲಿನ ಮೆಟ್ಟಿಲು. ಕೆಲವರು ಮರಗಾಲು ಕಟ್ಟಿಕೊಂಡು ನಡೆಯುತ್ತಾರೆ; ಕಾರ್ಬನ್ ತಟ್ಟೆಯ ಬೂಟು ಇನ್ನೂ ಆ ಎತ್ತರ ಮುಟ್ಟಿಲ್ಲ. ಅಲ್ಲಿ ಓಟಗಾರನಿಗೆ ನಡುನಡುವೆ ಒಂದು ಲೋಟ ಸೂಪು, ಒಂದು ತುಂಡು ಚೀಸು. ಇಲ್ಲಿ ದಾರಿಯುದ್ದಕ್ಕೂ ದಾಸೋಹ: ಅನ್ನ, ಸಾರು, ಮಜ್ಜಿಗೆ, ಬೊಬ್ಬೆ ಬಂದ ಕಾಲಿಗೆ ಎಣ್ಣೆ. ಇಷ್ಟೆಲ್ಲ ಇದ್ದೂ ಸಮಯ ಬರೆದುಕೊಂಡವರಿಲ್ಲ. ಏಕೆಂದರೆ ಭ್ರಮರಾಂಬೆ ನಮ್ಮ ಕಡೆಯ ಹೆಣ್ಣು, ಮಲ್ಲಯ್ಯ ಅಳಿಯ. ಸೀರೆ, ಅರಿಸಿನ, ಕುಂಕುಮ ತೆಗೆದುಕೊಂಡು ಮಗಳ ಮನೆಗೆ ಹೊರಟವರು ಗಡಿಯಾರ ನೋಡುತ್ತಾರೆಯೆ?

ಇದೇ ನೆಲೆಯಲ್ಲಿ ನಿಂತು ಕಮಲಾಪುರದ ತಾಯಿ ವಿಡಿಯೊ ಕಾಲಿನಲ್ಲಿ ಅಂತಿಮ ಪ್ರಶ್ನೆ ಎತ್ತಿದರು.

“ಅಳಿಯಾರ, ಅಷ್ಟು ಮ್ಯಾಲ ಯಾರದಾರ್ರಿ?”

“ಯಾರೂ ಇಲ್ರಿ ಅತ್ತಿ.”

“ಹಂಗಾದ್ರ ಯಾಕ ಹೋಗ್ತೀರಿ?”

ಅಳಿಯ ಯುಂಗ್‌ಫ್ರೌಯೋಕ್‌ನ ಫೋಟೊ ತೋರಿಸಿದ. 3,454 ಮೀಟರ್, ಹಿಮ, ನಿಲ್ದಾಣ, ಬಾಲಿವುಡ್ ಎಂಬ ಹೆಸರಿನ ಹೋಟೆಲು. ಐಗರಿನ ಹೊಟ್ಟೆಯೊಳಗೇ ಸುರಂಗ ಕೊರೆದು 1912ರಲ್ಲೇ ಅಲ್ಲಿಗೆ ರೈಲು ಮುಟ್ಟಿಸಿದ್ದಾರೆ ಎಂದು ಅಭಿಮಾನದಿಂದ ಹೇಳಿದ. ಅಲ್ಲಿಗೆ ಪ್ರಬಂಧವೇ ಕುಸಿಯುವಂತಾಯಿತು.

“ಯವ್ವಾ, ರೈಲ ಹೋಗ್ತದಂದ್ರ ಓಡೋದ್ಯಾಕ?” ಈ ಮಾತು ಮಗಳಿಗೆ.

ಮಗಳು ಆರೋಗ್ಯ, ಪ್ರಕೃತಿ, ಮನಃಶಾಂತಿ ಎಂಬ ಮೂರು ಹೇತುಗಳನ್ನು ಮುಂದಿಟ್ಟಳು. ತಾಯಿ ಮೂರನ್ನೂ ತಳ್ಳಿಹಾಕಿದರು. ಕೊನೆಗೆ ಅಳಿಯ, ಇಂಟರ್‌ಲಾಕೆನ್‌ನಿಂದ ಹೋಗಿಬರುವ ಪೂರ್ತಿ ಟಿಕೀಟು 200 ಫ್ರಾಂಕಿನ ಮೇಲೆ, ನಮ್ಮ ರೂಪಾಯಿಯಲ್ಲಿ 20,000 ದಾಟುತ್ತದೆ ಎಂದ.

“ಒಬ್ಬರಿಗೇನ್ರಿ?”

“ಹೌದ್ರಿ.”

“ಓಡ್ರಿ ಹಂಗಾದ್ರ,” ಎಂದರು ತಾಯಿ.