ಮೂಗಿನಲ್ಲಿ ಕುಡಿಯುವವರು

ಕಾಫಿಪುಡಿಗೆ ಚಿಕೋರಿ ಎಷ್ಟು ಬೆರೆಸಬೇಕೆಂದು ಜಗಳವಾಡುವವರು ಬೆಂಗಳೂರಿನಲ್ಲಿ ಹಿಂದಿನಿಂದಲೂ ಇದ್ದಾರೆ. ಅವರ ಮಕ್ಕಳ ಕಾಲಕ್ಕೆ ಜಗಳ ವಿಸ್ಕಿಗೆ ಬಂತು. ವಿಸ್ಕಿ ಎಲ್ಲರಿಗೂ ಗೊತ್ತಾಗಿಹೋದ ಮೇಲೆ, ಎಲ್ಲರಿಗೂ ಗೊತ್ತಿರುವುದನ್ನೇ ತಿಳಿದುಕೊಂಡು ಏನು ಸುಖ ಎಂದು ಕೆಲವರು ರಮ್ಮಿನ ಕಡೆ ಹೊರಳಿದರು. ಈ ರಮ್ ರಸಜ್ಞರನ್ನು ಗುರುತಿಸುವುದು ಕಷ್ಟವಲ್ಲ. ವಯಸ್ಸು ಐವತ್ತರ ಆಚೀಚೆ. ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಅಪ್ಪ ಕಟ್ಟಿಸಿದ ಮನೆ, ಅದರ ಮೇಲೆ ತಾವು ಎಬ್ಬಿಸಿದ ಮಹಡಿ. ಕಂಪನಿಯಲ್ಲಿ ಒಂದೇ ಉಸಿರಿಗೆ ಹೇಳಲಾಗದಷ್ಟು ಉದ್ದದ ಹುದ್ದೆ. ‘ಬಾರ್ಬಡೋಸ್’ ಎಂದಾಗ ಕ್ರಿಕೆಟ್ ನೆನಪಾಗದ ಕನ್ನಡಿಗ ಯಾರಾದರೂ ಇದ್ದರೆ ಅದು ಇವರೇ.

ಇವರೆದುರು ‘ಗುಂಡು ಹಾಕೋಣ’ ಅಂದೀರಿ, ಜೋಕೆ. ಇವರು ಕುಡಿಯುವುದಿಲ್ಲ, ‘ಟೇಸ್ಟಿಂಗ್’ ಮಾಡುತ್ತಾರೆ. ಹಾಸ್ಟೆಲಿನ ಕಾಲದಲ್ಲಿ ಸ್ಟೀಲ್ ಲೋಟದಲ್ಲಿ ಓಲ್ಡ್ ಮಾಂಕಿಗೆ ಥಮ್ಸ್ ಅಪ್ ಸುರಿದು, ಕಾಂಗ್ರೆಸ್ ಕಡಲೆಬೀಜ ನಂಚಿಕೊಂಡು, ರಾತ್ರಿಯಿಡೀ ರಾಜ್‌ಕುಮಾರ್ ಹಾಡು ಹೇಳಿದವರು ಇವರೇ ಎಂದರೆ ಈಗ ನಂಬುವುದು ಕಷ್ಟ. 1954ರಿಂದ ಮಾರುಕಟ್ಟೆಯಲ್ಲಿರುವ ಆ ಗಿಡ್ಡ ಬಾಟಲಿ ಇವರ ಮನೆಯಲ್ಲಿ ಇನ್ನೂ ಒಂದಿದೆ. ಬಚ್ಚಲುಮನೆಯ ಕಿಟಕಿಯಲ್ಲಿ, ಮನಿಪ್ಲಾಂಟ್ ಹೊತ್ತುಕೊಂಡು.

ವಿದೇಶದಿಂದ ಬರುವವರು ಸುಂಕವಿಲ್ಲದೆ ತರಬಹುದಾದ ಮದ್ಯ ತಲೆಗೆ 2 ಲೀಟರ್. ರಸಜ್ಞರು ನೆಂಟರಿಷ್ಟರನ್ನು ಅಳೆಯುವುದು ಈ ಮಾನದಂಡದಿಂದಲೇ. ಗಂಡಹೆಂಡತಿ ಬಂದರೆ ನಾಲ್ಕು ಲೀಟರ್. ಗುರುಗಳ ಪ್ರವಚನ ಕೇಳಿ ಕುಡಿತ ಬಿಟ್ಟ ಚಿಕ್ಕಪ್ಪ ಬಂದರೂ ಎರಡು ಲೀಟರ್, ಅದೂ ಪಾಲು ಕೇಳದ ಎರಡು ಲೀಟರ್. ಆದ್ದರಿಂದ ಇಡೀ ಬಳಗದಲ್ಲಿ ಆ ಚಿಕ್ಕಪ್ಪನಿಗೇ ಹೆಚ್ಚು ಮರ್ಯಾದೆ. ಈ ಸಲ ಸರದಿ ಭಾವಮೈದುನನದು. ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿರುವ ಆತ ಮೆಷಿನ್ ಪ್ರದರ್ಶನ ನೋಡಲು ಸ್ಪೇನಿನ ಬಿಲ್ಬಾವೊಗೆ ಹೋಗಿದ್ದ. ಅಕ್ಕನಿಗೆ ಕೇಸರಿ ತಂದ. ಭಾವ ಬರೆದುಕೊಟ್ಟ ಚೀಟಿಯಂತೆ ‘ದೋಸ್ ಮದೇರಾಸ್ ಪಿಎಕ್ಸ್ 5+5’ ಎಂಬ ರಮ್ಮನ್ನೂ ತಂದ.

“ಐದು ಪ್ಲಸ್ ಐದು ಹತ್ತಲ್ವಾ ಭಾವ? ಹತ್ತು ಅಂತಲೇ ಬರೆದಿದ್ರೆ ಏನಾಗ್ತಿತ್ತು?”

“ಅದಕ್ಕೇ ಕಣೋ ನಿನ್ನ ತಲೆಗೆ ಇದೆಲ್ಲ ಹತ್ತಲ್ಲ.”

ಆಮೇಲೆ ಉಪನ್ಯಾಸ. ಬಾರ್ಬಡೋಸ್ ಮತ್ತು ಗಯಾನದ ರಮ್ಮುಗಳು ಮೊದಲ ಐದು ವರ್ಷ ಕೆರಿಬಿಯನ್ನಿನ ಸೆಕೆಯಲ್ಲೇ ಪೀಪಾಯಿಗಳಲ್ಲಿರುತ್ತವೆ. ಅಲ್ಲಿಂದ ಹಡಗೇರಿ ದಕ್ಷಿಣ ಸ್ಪೇನಿನ ಹೆರೆಸ್ ಪಟ್ಟಣಕ್ಕೆ ಬರುತ್ತವೆ. ಅಲ್ಲಿ 1877ರಷ್ಟು ಹಳೆಯ ವಿಲಿಯಮ್ಸ್ ಅಂಡ್ ಹಂಬರ್ಟ್ ಕಂಪನಿಯ ನೆಲೆಯಲ್ಲಿ, ಪಾಲೊ ಕೊರ್ತಾದೊ ಎಂಬ ಶೆರಿ ವೈನು ತುಂಬಿದ್ದ ಪೀಪಾಯಿಗಳಲ್ಲಿ ಮೂರು ವರ್ಷ. ಕೊನೆಗೆ ಪೆದ್ರೊ ಹಿಮೆನೆಸ್ ಎಂಬ ಕಡುಸಿಹಿ ಶೆರಿ ತುಂಬಿದ್ದ ಪೀಪಾಯಿಗಳಲ್ಲಿ ಎರಡು ವರ್ಷ. ಪಿಎಕ್ಸ್ ಎಂದರೆ ಈ ಪೆದ್ರೊ ಹಿಮೆನೆಸ್ಸೇ. ಆ ದ್ರಾಕ್ಷಿಯನ್ನು ಕಿತ್ತು, ನಮ್ಮ ಕಡೆ ಹಪ್ಪಳ ಹಾಕಿದಂತೆ ಬಿಸಿಲಿನಲ್ಲಿ ಚಾಪೆಗಳ ಮೇಲೆ ಹರವಿ, ಒಣದ್ರಾಕ್ಷಿಯಾಗುವ ಹಂತಕ್ಕೆ ಬಂದ ಮೇಲೆ ಹಿಂಡುತ್ತಾರೆ. ಅದರ ವೈನು ಕಾಕಂಬಿಯ ಹಾಗೆ ಕಪ್ಪಗೆ, ಗಟ್ಟಿಯಾಗಿ ಇರುತ್ತದೆ. ಲೀಟರಿಗೆ 400 ಗ್ರಾಂ ಸಕ್ಕರೆ ಇದ್ದರೂ ಆಶ್ಚರ್ಯವಿಲ್ಲ. ಒಂದು ಪೀಪಾಯಿ ಸಾಮಾನ್ಯವಾಗಿ 500 ಲೀಟರಿನದು. ಖಾಲಿ ಮಾಡಿದರೂ ಅದರ ಹಲಗೆಗಳು ಹಲವು ಲೀಟರ್ ವೈನನ್ನು ಹೀರಿಕೊಂಡೇ ಇರುತ್ತವೆ. ಒಳಗೆ ಬಿದ್ದ ರಮ್ಮಿಗೆ ಬಣ್ಣ, ಪರಿಮಳ, ಒಂದಿಷ್ಟು ಸಿಹಿ ದಕ್ಕುವುದು ಅಲ್ಲಿಂದ.

ಇಷ್ಟೂ ನಿಜ. ರಸಜ್ಞರು ಎಡವುವುದು ಇದರ ಮುಂದೆ. ‘ಶೆರಿ ಪೀಪಾಯಿ’ ಎಂಬ ಮಾತು ಯಾವ ಬಾಟಲಿಯ ಮೇಲೆ ಕಂಡರೂ ಇವರ ಕಣ್ಣೆದುರು ಒಂದು ಕಲ್ಲಿನ ನೆಲಮಾಳಿಗೆ, ಗಡ್ಡದ ಮುದುಕ, ಮುತ್ತಾತನ ಕಾಲದ ಪೀಪಾಯಿ ತೇಲಿಬರುತ್ತವೆ. ಹಿಂದೆ ಶೆರಿ ಪೀಪಾಯಿಗಳಲ್ಲೇ ಬ್ರಿಟನ್ನಿಗೆ ಹೋಗುತ್ತಿತ್ತು, ಖಾಲಿ ಪೀಪಾಯಿ ಅಲ್ಲಿನ ವಿಸ್ಕಿಯವರಿಗೆ ಅಗ್ಗಕ್ಕೆ ಸಿಗುತ್ತಿತ್ತು. 1980ರ ದಶಕದಲ್ಲಿ ಸ್ಪೇನಿನವರು ಶೆರಿಯನ್ನು ತಮ್ಮಲ್ಲೇ ಬಾಟಲಿಗೆ ತುಂಬಬೇಕೆಂದು ನಿಯಮ ಮಾಡಿದರು. ಆ ದಾರಿ ಮುಚ್ಚಿತು. ಈಗ ಲೋಕದಲ್ಲಿ ಓಡಾಡುವ ಶೆರಿ ಪೀಪಾಯಿಗಳಲ್ಲಿ ಬಹುಪಾಲು ಹೊಸ ಮರದವು. ಮದ್ಯದ ಕಂಪನಿಗಳ ಆರ್ಡರಿನ ಮೇಲೆಯೇ ತಯಾರಾಗಿ, ಒಂದೆರಡು ವರ್ಷ ಶೆರಿ ತುಂಬಿಸಿಕೊಂಡು ಹದಗೊಂಡು ಹಡಗು ಹತ್ತುತ್ತವೆ. ಹದಗೊಳಿಸಿದ ಆ ವೈನು ಸಾಮಾನ್ಯವಾಗಿ ಯಾರ ಊಟದ ಮೇಜಿಗೂ ಬರುವುದಿಲ್ಲ. ವಿನೆಗರಿಗೋ ಬ್ರಾಂಡಿಗೋ ಹೋಗುತ್ತದೆ. ಇದರಲ್ಲಿ ಮೋಸವೇನಿಲ್ಲ, ರುಚಿಯೂ ಚೆನ್ನಾಗಿಯೇ ಬರುತ್ತದೆ. ಮುತ್ತಾತ ಮಾತ್ರ ಇಲ್ಲ.

ಇನ್ನೊಂದು ಎಡವಟ್ಟು: ಶೆರಿ ಎಂದರೆ ಸಿಹಿ ಎಂಬ ನಂಬಿಕೆ. ಪೀಪಾಯಿಗಾಗಿ ಹೆಚ್ಚು ಬೇಡಿಕೆಯಿರುವ ಓಲೊರೊಸೊ ಶೆರಿ ಸಿಹಿಯೇ ಅಲ್ಲ. ಗಾಳಿಯಾಡಿ ಮಾಗಿದ, ಆಕ್ರೋಟಿನ ಒಗರಿನ ವೈನು ಅದು. ಓಲೊರೊಸೊ ಪೀಪಾಯಿಯಿಂದ ಬಂದ ರಮ್ ನಾಲಗೆಗೆ ಜೇನಿನಂತೆ ಅಂಟಿಕೊಂಡರೆ ಜೇನು ಎಲ್ಲಿಂದ ಬಂತೆಂದು ಕೇಳಬೇಕಾಗುತ್ತದೆ. ಲೇಬಲ್ಲಿನ ಅಂಕಿಗೂ ಇದೇ ಮಾತು. ಗ್ವಾಟೆಮಾಲದ ಸಕಾಪಾ ರಮ್ಮಿನ ಮೇಲಿರುವ 23ನ್ನು ನೋಡಿ ರಸಜ್ಞರು ಕೈಮುಗಿದದ್ದುಂಟು. ಅದರೊಳಗಿರುವುದು ಆರರಿಂದ ಇಪ್ಪತ್ತಮೂರು ವರ್ಷದವರೆಗಿನ ರಮ್ಮುಗಳ ಬೆರಕೆ ಎಂದು ಕಂಪನಿಯೇ ಹೇಳುತ್ತದೆ. ಅದಕ್ಕೆ ಹೋಲಿಸಿದರೆ, ಯಾವ ಪೀಪಾಯಿಯಲ್ಲಿ ಎಷ್ಟು ವರ್ಷ ಎಂದು ಬಿಡಿಸಿ ಹೇಳುವ 5+5 ಮರ್ಯಾದಸ್ಥ ಲೆಕ್ಕ. ಭಾವಮೈದುನ ಕೇಳಿದ ಪ್ರಶ್ನೆ ಅಂಥ ದಡ್ಡ ಪ್ರಶ್ನೆಯೇನೂ ಆಗಿರಲಿಲ್ಲ.

ಟೇಸ್ಟಿಂಗ್ ನಡೆಯುವುದು ಭಾನುವಾರ ಸಂಜೆ. ಅಂದು ಮಧ್ಯಾಹ್ನದ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಕೂಡದು. ಊದುಬತ್ತಿ ಹಚ್ಚಕೂಡದು. ಆದ್ದರಿಂದ ಆ ವಾರ ದೇವರ ದೀಪಕ್ಕೂ ಬೇಗ ಮುಗಿಯುವ ಅಪ್ಪಣೆ. ಟುಲಿಪ್ ಹೂವಿನಾಕಾರದ ಸಣ್ಣ ಗ್ಲಾಸುಗಳು ಬರುತ್ತವೆ. ಹೊಟ್ಟೆ ಅಗಲ, ಬಾಯಿ ಕಿರಿದು, ಪರಿಮಳ ಒಂದೆಡೆ ಸೇರಲಿ ಎಂದು. ಹೆರೆಸಿನಲ್ಲಿ ಶೆರಿ ರುಚಿ ನೋಡುವವರ ಕೊಪಿತಾ ಎಂಬ ಗ್ಲಾಸಿನದೂ ಇದೇ ಆಕಾರ. ಪ್ರತಿ ಗ್ಲಾಸಿಗೂ ಬೀಳುವುದು ತೀರ್ಥದಷ್ಟು. ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಗಾಜಿನ ಮೇಲೆ ಇಳಿಯುವ ಗೆರೆಗಳನ್ನು ನೋಡಿ ತಲೆದೂಗುತ್ತಾರೆ. ಬಣ್ಣ ನೋಡಿ ವಯಸ್ಸು ಹೇಳುತ್ತಾರೆ. ಬಣ್ಣಕ್ಕೆ ಕ್ಯಾರಮೆಲ್ ಬೆರೆಸುವುದು ರಮ್ಮಿನ ಲೋಕದಲ್ಲಿ ಕಾನೂನುಬದ್ಧ ವಾಡಿಕೆ ಎಂಬುದು ಗೊತ್ತಿದ್ದೂ ಹೇಳುತ್ತಾರೆ.

“ಭಾವ, ಕುಡೀಬಹುದಾ?”

“ಇರೋ, ಇನ್ನೂ ಬಿಚ್ಚಿಕೊಂಡಿಲ್ಲ.”

ಇಪ್ಪತ್ತು ನಿಮಿಷ ಕಳೆಯುತ್ತದೆ. ರಸಜ್ಞರು ಬಾಯಿ ಅರ್ಧ ತೆರೆದು, ಕಣ್ಣು ಪೂರ್ತಿ ಮುಚ್ಚಿ, ಮೂಗನ್ನು ಗ್ಲಾಸಿನೊಳಗೆ ಇಳಿಸುತ್ತಾರೆ. ಬಾಯಿ ತೆರೆಯುವುದು ನಾಟಕವಲ್ಲ. ಆಲ್ಕೋಹಾಲಿನ ಘಾಟು ಮೂಗಿಗೆ ಹೊಡೆಯದಿರಲು ನಿಜವಾದ ಪರೀಕ್ಷಕರೂ ಹಾಗೇ ಮಾಡುತ್ತಾರೆ. ನಾಟಕ ಶುರುವಾಗುವುದು ಬ್ಯಾಂಕಿನವರು ಕೊಟ್ಟ ಡೈರಿ ತೆರೆದ ಮೇಲೆ. “ಕ್ರಿಸ್‌ಮಸ್ ಕೇಕು... ಅಂಜೂರ... ಹಳೇ ಚರ್ಮ... ಸಿಗಾರ್ ಡಬ್ಬಿ... ಚರ್ಚಿನ ಬೆಂಚು.” ಮನೆಯಲ್ಲಿ ಮೊಟ್ಟೆಯೂ ಒಳಗೆ ಬಾರದು, ಚರ್ಮದ ರುಚಿ ಇವರಿಗೆ ಹೇಗೆ ಗೊತ್ತು ಎಂದು ಮನೆಯವರು ಕೇಳಿ ಕೇಳಿ ಬಿಟ್ಟಿದ್ದಾರೆ. ಕುಡುಕ ರತ್ನನನ್ನು ಕನ್ನಡಕ್ಕೆ ಕೊಟ್ಟ ಜಿ.ಪಿ. ರಾಜರತ್ನಂ ಸ್ವತಃ ಹೆಂಡ ಮುಟ್ಟಿದವರಲ್ಲ. ಮುಟ್ಟದೆಯೇ ಅಷ್ಟು ಬರೆದರು. ನಮ್ಮ ರಸಜ್ಞರು ಮೂಸಿ ಮೂಸಿ ಮೂರು ಡೈರಿ ತುಂಬಿಸಿದರೂ ಅದರಲ್ಲಿ ತಮ್ಮ ಊರಿನ ಒಂದು ಹಣ್ಣಿನ ಹೆಸರು ಬಂದಿಲ್ಲ. ಆಲೆಮನೆಯ ಕೊಪ್ಪರಿಗೆಯಲ್ಲಿ ನೊರೆಯೇಳುವ ಬೆಲ್ಲದ ವಾಸನೆ ರಮ್ಮಿನಲ್ಲಿ ಢಾಳಾಗಿ ಇದ್ದರೂ ಇವರು ಬರೆಯುವುದು ‘ಟಾಫಿ’ ಎಂದೇ.

ಭಾವಮೈದುನನೂ ಒಮ್ಮೆ ಮೂಸಿದ. “ಮೆಂತ್ಯ ಹುರಿದ ಹಾಗಿದೆ,” ಅಂದ.

ರಸಜ್ಞರು ನಕ್ಕರು. ಡೈರಿಯಲ್ಲಿ ಬರೆದುಕೊಳ್ಳಲಿಲ್ಲ. ಸೊಟೊಲಾನ್ ಎಂಬ ಒಂದು ರಾಸಾಯನಿಕವಿದೆ. ಮೆಂತ್ಯಕ್ಕೆ ಮೆಂತ್ಯದ ವಾಸನೆ ಕೊಡುವುದು ಅದು. ಕಡಿಮೆ ಇದ್ದರೆ ಕಂದಿದ ಸಕ್ಕರೆಯ ಪರಿಮಳ, ಹೆಚ್ಚಾದರೆ ಮೆಂತ್ಯ. ಮಾಗಿದ ಶೆರಿಯಲ್ಲೂ ಹಳೆಯ ರಮ್ಮಿನಲ್ಲೂ ವಿಜ್ಞಾನಿಗಳು ಕಂಡುಹಿಡಿದಿರುವುದು ಇದೇ ಸೊಟೊಲಾನನ್ನು. ಶೆರಿ ಪೀಪಾಯಿಯಲ್ಲಿ ಕೂತ ಹಳೆಯ ರಮ್ಮಿನಲ್ಲಿ ಮೆಂತ್ಯ ಕಂಡವನಿಗೆ ಆ ಸಂಜೆ ಪೂರ್ಣಾಂಕ ಸಲ್ಲಬೇಕಿತ್ತು.

ಈಗ ಸಕ್ಕರೆಯ ವಿಷಯ. ಕಳೆದ ವರ್ಷ ಆರೋಗ್ಯ ತಪಾಸಣೆಯಲ್ಲಿ ರಸಜ್ಞರಿಗೆ ‘ಶುಗರ್ ಬಾರ್ಡರಿನಲ್ಲಿದೆ’ ಎಂದಾಯಿತು. ಡಾಕ್ಟರು ಕುಡಿಯಬೇಡಿ ಎಂದದ್ದನ್ನು ಇವರು ಸಿಹಿ ರಮ್ ಕುಡಿಯಬೇಡಿ ಎಂದು ಕೇಳಿಸಿಕೊಂಡರು. ಭಟ್ಟಿಯಿಳಿಸಿದ ಮದ್ಯದಲ್ಲಿ ಸಕ್ಕರೆ ಇರುವುದಿಲ್ಲ, ಕಬ್ಬಿನದಾದರೂ ಅಷ್ಟೇ. ಆದರೆ ಎಷ್ಟೋ ಕಂಪನಿಗಳು ಮಾಗಿದ ಮೇಲೆ ಬೆರೆಸುತ್ತವೆ. ಯುರೋಪಿನ ಒಕ್ಕೂಟ ಇದಕ್ಕೆ ಲೀಟರಿಗೆ 20 ಗ್ರಾಂ ಮಿತಿ ಹಾಕಿದೆ. ಬಾರ್ಬಡೋಸಿನ ಫೋರ್‌ಸ್ಕ್ವೇರ್ ಡಿಸ್ಟಿಲರಿಯ ರಿಚರ್ಡ್ ಸೀಲ್ ಈ ಬೆರಕೆಯ ವಿರುದ್ಧ ವರ್ಷಗಟ್ಟಲೆ ಮಾತಾಡುತ್ತ ಬಂದವರು. ನಮ್ಮ ರಸಜ್ಞರಿಗೆ ಅವರು ಬಸವಣ್ಣನಿಗಿಂತ ಒಂದೇ ಮೆಟ್ಟಿಲು ಕೆಳಗೆ.

ಸಕ್ಕರೆ ಹಿಡಿಯಲು ರಸಜ್ಞರು ಹೈಡ್ರೊಮೀಟರ್ ತರಿಸಿದರು. ಹಾಲಿನ ಡೇರಿಯ ಲ್ಯಾಕ್ಟೋಮೀಟರಿನ ಅಣ್ಣನೇ ಅದು. ಸಕ್ಕರೆ ಕರಗಿದರೆ ಮದ್ಯದ ಸಾಂದ್ರತೆ ಏರಿ, ಮೀಟರು ಆಲ್ಕೋಹಾಲನ್ನು ಕಡಿಮೆ ತೋರಿಸುತ್ತದೆ: ಲೇಬಲ್ಲಿನಲ್ಲಿ ಶೇ. 40 ಇದ್ದು ಲೀಟರಿಗೆ 20 ಗ್ರಾಂ ಸಕ್ಕರೆ ಇದ್ದರೆ ಸುಮಾರು 35ಕ್ಕೆ ನಿಲ್ಲುತ್ತದೆ. ಸರಳ ಉಪಾಯ. ಒಂದೇ ಷರತ್ತು, ದ್ರವದ ಉಷ್ಣತೆ 20 ಡಿಗ್ರಿ ಇರಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಅಡುಗೆಮನೆಯಲ್ಲಿ ಅಳೆದಾಗ ಕಪಾಟಿನ ಬಾಟಲಿಗಳೆಲ್ಲ ನಿರಪರಾಧಿಗಳಾಗಿ ಹೊರಬಿದ್ದವು, ಯಾಕೆಂದರೆ ಸೆಕೆಗೆ ಮೀಟರು ಮೂರ್ನಾಲ್ಕು ಅಂಕ ಮೇಲೇ ತೋರಿಸುತ್ತದೆ. ಅನುಮಾನ ಬಂದು ಬಾಟಲಿಗಳನ್ನು ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಕ್ಕ ಇಟ್ಟು ಅಳೆದರು. ಆಗ ಎಲ್ಲವೂ ಕಳ್ಳರು. ಸಕ್ಕರೆಯ ಸೋಂಕಿಲ್ಲದ ವೋಡ್ಕಾ ಕೂಡ. ಪ್ರತಿ ಅಳತೆಗೂ ನೂರಕ್ಕೂ ಹೆಚ್ಚು ಮಿಲಿ ಜಾಡಿಗೆ ಸುರಿಯಬೇಕು. ಜಾಡಿಯಿಂದ ಬಾಟಲಿಗೆ ಪೂರ್ತಿ ವಾಪಸು ಹೋಯಿತೆಂದು ಯಾರೂ ಪ್ರಮಾಣ ಮಾಡಲಿಲ್ಲ.

ಸೀಲ್ ಅವರದೇ ಒಂದು ಬಾಟಲಿ ಕಪಾಟಿನಲ್ಲಿತ್ತು: ಪ್ರೆಮಿಸ್. ಮೂರು ವರ್ಷ ಬರ್ಬನ್ ವಿಸ್ಕಿಯ ಪೀಪಾಯಿ, ಏಳು ವರ್ಷ ಶೆರಿ ಪೀಪಾಯಿ, ಶೇ. 46. ಅದನ್ನೂ 5+5ನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಶೆರಿ ಪೀಪಾಯಿ ಏನು ಮಾಡಬಲ್ಲದು, ಎಲ್ಲಿ ಮಿತಿಮೀರುತ್ತದೆ ಎಂಬುದು ಯಾರಿಗಾದರೂ ತಿಳಿಯುತ್ತದೆ. ಪ್ರೆಮಿಸ್ಸಿನಲ್ಲಿ ಏಳು ವರ್ಷ ಕಳೆದರೂ ಶೆರಿ ಹಿಂದೆಯೇ ಕೂತಿದೆ. ಮೊದಲು ಮರ, ವೆನಿಲ್ಲಾ, ಆಮೇಲೆ ಆಕ್ರೋಟಿನ ಒಗರು, ಕಬ್ಬು ಕೊನೆಯವರೆಗೂ ಜೊತೆಗಿದೆ. 5+5ರಲ್ಲಿ ಕೊನೆಯ ಎರಡು ವರ್ಷದ ಪಿಎಕ್ಸ್ ಮುಂದೆ ಬಂದು ಮೈಕು ಹಿಡಿದಿದೆ. ಒಣದ್ರಾಕ್ಷಿ, ಖರ್ಜೂರ, ಚಾಕೊಲೇಟು. ಊಟವಾದ ಮೇಲೆ ಒಂದು ಗುಟುಕಿಗೆ ಸೊಗಸು. ಗಯಾನ ಎಲ್ಲಿ, ಬಾರ್ಬಡೋಸ್ ಎಲ್ಲಿ ಎಂದು ಹುಡುಕಲು ಹೊರಟರೆ ಮಾತ್ರ ಸಿಗುವುದಿಲ್ಲ. ರಸಜ್ಞರು ಎರಡಕ್ಕೂ 100ಕ್ಕೆ 88 ಕೊಟ್ಟರು. ಇವರ ಡೈರಿಯಲ್ಲಿ 80ಕ್ಕಿಂತ ಕೆಳಗೆ ಅಂಕವೇ ಇಲ್ಲ, ಹಾಗಾಗಿ 88 ಎಂದರೆ ಏನೆಂದು ಅವರಿಗೇ ಗೊತ್ತಿರಬೇಕು.

ಇಷ್ಟೆಲ್ಲ ಆಗುವ ಮನೆಯಿಂದ ಮೈಸೂರು ರಸ್ತೆಯ ಕಂಬೀಪುರ ದೂರವೇನಲ್ಲ. 1948ರಲ್ಲಿ ಶುರುವಾದ ಅಮೃತ್ ಕಂಪನಿಯ ಡಿಸ್ಟಿಲರಿ ಅಲ್ಲಿದೆ. 2013ರಲ್ಲಿ ಅವರು ತಂದ ‘ಟೂ ಇಂಡೀಸ್’ ರಮ್ಮಿನಲ್ಲಿ ಬಾರ್ಬಡೋಸ್, ಜಮೈಕ, ಗಯಾನದ ರಮ್ಮುಗಳ ಜೊತೆ ನಮ್ಮ ಬೆಲ್ಲದಿಂದ ಇಳಿಸಿದ ರಮ್ ಸೇರಿದೆ. ಶೆರಿ ಪೀಪಾಯಿಯೂ ಅವರಿಗೆ ಹೊಸದಲ್ಲ. ‘ಇಂಟರ್‌ಮೀಡಿಯೇಟ್ ಶೆರಿ’ ಎಂಬ ವಿಸ್ಕಿಯಲ್ಲಿ ಶೆರಿ ಪೀಪಾಯಿಯ ವಾಸವನ್ನು ಕೊನೆಗೆ ಇಡದೆ ನಡುವೆ ಇಟ್ಟವರು ಅವರು. ಪೀಪಾಯಿಯಿಂದ ವರ್ಷಕ್ಕೆ ಆವಿಯಾಗುವ ಪಾಲು ಸ್ಕಾಟ್‌ಲೆಂಡಿನಲ್ಲಿ ಶೇ. 2ರಷ್ಟಾದರೆ, ಬೆಂಗಳೂರಿನಲ್ಲಿ ಶೇ. 10ರಿಂದ 12. ಈ ಅಂಕಿ ರಸಜ್ಞರಿಗೆ ಬಾಯಿಪಾಠ. ಆದರೂ ಟೂ ಇಂಡೀಸ್ ಬಾಟಲಿ ಇವರ ಕಪಾಟಿನ ಮುಂದಿನ ಸಾಲಿಗೆ ಬಂದದ್ದಿಲ್ಲ. ಪಾಪ, ಅದು ವಿಮಾನ ಹತ್ತಿಲ್ಲ. ರಸ್ತೆಯ ಕೊನೆಯ ವೈನ್‌ಶಾಪಿನಿಂದ ಬಂದದ್ದು.

ಇಂಥವರಿಂದ ನಿಮಗೂ ಭಾನುವಾರದ ಆಹ್ವಾನ ಬಂದರೆ ಹೋಗಿ. ಬಾಟಲಿಗಳು ಒಳ್ಳೆಯವು, ಮನುಷ್ಯರೂ ಒಳ್ಳೆಯವರು. ಊಟ ಮುಗಿಸಿಕೊಂಡೇ ಹೊರಡಿ, ಮೂರನೆಯ ಗ್ಲಾಸಿನವರೆಗೆ ಕಡಲೆಬೀಜವನ್ನೂ ಮುಟ್ಟಗೊಡುವುದಿಲ್ಲ. ಗಾಡಿ ಮನೆಯಲ್ಲೇ ಬಿಟ್ಟು ಮೆಟ್ರೊದಲ್ಲಿ ಹೋಗಿ. ಮೆಂತ್ಯದ ವಾಸನೆ ಬಂದರೆ ಮೆಂತ್ಯ ಎಂದೇ ಹೇಳಿ.